ಫೋಲ್ಡರ್ ಮೇಲೆ ಫೋಲ್ಡರ್ ಹಾಕಿದ್ರೆ ಆಗಲ್ಲ: ನಮ್ಮ ಕನ್ನಡ ಸಂಘದ ಹಾರ್ಡ್ ಡಿಸ್ಕೂ ಡಬ್ಲಿನ್ ಕೋರೂ

ಫೋಲ್ಡರ್ ಒಳಗೊಂದು ಫೋಲ್ಡರ್, ಅದರೊಳಗೆ ಇನ್ನೊಂದು ಮಾಡ್ಕೊಂಡು ಹೋದ್ರೆ ಎಲ್ಲಾ ನೀಟಾಗಿ ಇರತ್ತೆ ಅನ್ನೋ ನಂಬಿಕೆ ನಮ್ಮ ಜನಕ್ಕೆ ಯಾಕೆ ಇಷ್ಟು ಗಟ್ಟಿಯಾಗಿ ಕೂತಿದೆಯೋ. ಫೋಲ್ಡರ್ ಅನ್ನೋದು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡತ್ತೆ. ವರ್ಷದ ಪ್ರಕಾರ ಇಟ್ರೆ ವರ್ಷ ಗೊತ್ತಿರೋನಿಗೆ ಸಿಗತ್ತೆ, ಕಾರ್ಯಕ್ರಮದ ಪ್ರಕಾರ ಇಟ್ರೆ ಕಾರ್ಯಕ್ರಮ ಗೊತ್ತಿರೋನಿಗೆ ಸಿಗತ್ತೆ, ಇವೆರಡೂ ಗೊತ್ತಿಲ್ದೆ ಬರೀ ಮನುಷ್ಯನ ಹೆಸರು ಹಿಡ್ಕೊಂಡು ಬಂದೋನು ಬಾಗಿಲಲ್ಲೇ ನಿಂತ್ಕೋಬೇಕು. ಬರೋರೆಲ್ಲಾ ಹಂಗೇ ಬರೋದು. "ನಮ್ಮ ತಂದೆಯವರು ನಿಮ್ಮ ಸಂಘದ ನಾಟಕದಲ್ಲಿ ಪಾರ್ಟ್ ಮಾಡ್ತಿದ್ರಂತೆ ಸಾರ್, ಒಂದು ಫೋಟೋ ಇದ್ರೆ ಕೊಡಿ, ವರ್ಷದ ತಿಥಿಗೆ ಬೇಕಿತ್ತು" ಅಂತ. ಯಾವ ನಾಟಕ, ಯಾವ ವರ್ಷ ಅಂದ್ರೆ ಅವರಿಗೂ ಗೊತ್ತಿರಲ್ಲ.

ನಮ್ಮ ಬಡಾವಣೆ ಕನ್ನಡ ಸಂಘದ್ದು ಒಂದು ಹಾರ್ಡ್ ಡಿಸ್ಕ್ ಇದೆ. ಹಳೇ ರಾಜ್ಯೋತ್ಸವದ ಸ್ಮರಣ ಸಂಚಿಕೆಗಳು, ಆಹ್ವಾನ ಪತ್ರಿಕೆಗಳು, ನಾಟಕದ ಫೋಟೋಗಳು, ಭಾಷಣದ ಕ್ಯಾಸೆಟ್ಟುಗಳಿಂದ ಮಾಡಿದ ಎಂಪಿ3ಗಳು, ನಡಾವಳಿ ಪುಸ್ತಕಗಳ ಸ್ಕ್ಯಾನು, ಎಲ್ಲಾ ಅದರಲ್ಲಿದೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹುಡುಗರು ಸ್ಕ್ಯಾನ್ ಮಾಡಿದ್ದಾರೆ, ಪುಣ್ಯಾತ್ಮರು, ಮಾಡದೇ ಇದ್ದಿದ್ರೆ ಗೆದ್ದಲು ತಿಂದ್ಕೊಂಡು ಹೋಗ್ತಿತ್ತು. ಆದ್ರೆ ಫೋಲ್ಡರ್ ಹೆಸರುಗಳು ನೋಡ್ಬೇಕು ನೀವು: "ಸ್ಕ್ಯಾನ್ ನ್ಯೂ", "ಸ್ಕ್ಯಾನ್ ನ್ಯೂ ಫೈನಲ್", "ಅಧ್ಯಕ್ಷರ ಪೆನ್ ಡ್ರೈವ್", "ಇತರೆ", ಆಮೇಲೆ "ಇತರೆ" ಒಳಗೆ ಮತ್ತೊಂದು "ಇತರೆ". ನಾನು ಹಗಲೆಲ್ಲಾ ರಿಂಗ್ ರೋಡಿನ ಒಂದು ಕಂಪನೀಲಿ ಡಾಕ್ಯುಮೆಂಟೇಶನ್ ಕೆಲಸ ಮಾಡೋನು, ಅಲ್ಲೂ ಇದೇ ಗೋಳು ಇಂಗ್ಲಿಷಲ್ಲಿ. ಹಂಗಾಗಿ ಸಂಘದೋರು ಇದನ್ನ ನನ್ನ ತಲೆಗೆ ಕಟ್ಟಿದಾಗ ಫೋಲ್ಡರ್ ಮುಟ್ಟೋಕೇ ಹೋಗ್ಲಿಲ್ಲ, ಅದು ಹೆಂಗಿದ್ಯೋ ಹಂಗೇ ಇರ್ಲಿ, ಪಕ್ಕದಲ್ಲಿ ಒಂದು ಶೀಟ್ ಮಾಡೋಣ, ಒಂದೊಂದು ವಸ್ತುಗೆ ಒಂದೊಂದು ಸಾಲು, ಹುಡುಕೋದೆಲ್ಲಾ ಆ ಶೀಟಲ್ಲಿ ಅಂದೆ. ಮೆಟಾಡೇಟಾ ಅಂದ್ರೆ ಇಷ್ಟೇ, ದೊಡ್ಡ ಹೆಸರು ನೋಡಿ ಹೆದರ್ಕೋಬೇಡಿ.

"ಎಕ್ಸೆಲ್ ಶೀಟ್ ತಾನೆ, ಕಾಲಂ ಹೆಡ್ಡಿಂಗ್ ನಾವೇ ಹಾಕ್ಕೋತೀವಿ ಬಿಡಿ" ಅಂತ ಖಜಾಂಚಿಗಳು ಅಂದ್ರು. ಇಲ್ಲೇ ಸ್ಟ್ಯಾಂಡರ್ಡ್ ಅನ್ನೋದರ ಕೆಲಸ ಶುರುವಾಗೋದು. ನಾವೇ ಹಾಕ್ಕೊಂಡ್ರೆ ಒಬ್ಬ "ದಿನಾಂಕ" ಅಂತಾನೆ, ಇನ್ನೊಬ್ಬ "ವರ್ಷ" ಅಂತಾನೆ, ಮೂರನೇಯವನು "ಯಾವಾಗ" ಅಂತ ಕಾಲಂ ಮಾಡಿ ಅದರಲ್ಲಿ "ಬಹುಶಃ ಎಂಬತ್ತರ ಸುಮಾರು, ಮಳೆ ಬಂದಿತ್ತು" ಅಂತ ಬರೀತಾನೆ. ಸುಮ್ನೆ ತಮಾಷೆಗೆ ಹೇಳ್ತಿಲ್ಲ, ನಮ್ಮ ಹಳೇ ರಿಜಿಸ್ಟರಲ್ಲಿ ಹೆಚ್ಚೂ ಕಮ್ಮಿ ಹೀಗೇ ಇದೆ. ನಾಳೆ ಪಕ್ಕದ ಬಡಾವಣೆ ಸಂಘದೋರೂ ಇದೇ ಕೆಲಸ ಮಾಡಿ ಎರಡನ್ನೂ ಸೇರಿಸೋಣ ಅಂದ್ರೆ ಕಾಲಂಗೆ ಕಾಲಂ ತಾಳೆ ಆಗಲ್ಲ, ಕೂತ್ಕೊಂಡು ಕೈಯಲ್ಲಿ ತಿದ್ದಬೇಕು.

ಹಂಗಾಗಿ ಡಬ್ಲಿನ್ ಕೋರ್ ಅನ್ನೋ ಸಿದ್ಧ ಕಾಲಂ ಪಟ್ಟಿ ತಗೊಂಡ್ವಿ. ಡಬ್ಲಿನ್ ಅಂದ ತಕ್ಷಣ ಎಲ್ಲರಿಗೂ ಐರ್ಲೆಂಡ್ ನೆನಪಾಗತ್ತೆ, ಇದು ಅದಲ್ಲ, ಅಮೆರಿಕದ ಒಹಾಯೋ ರಾಜ್ಯದಲ್ಲಿರೋ ಡಬ್ಲಿನ್. 1995ರ ಮಾರ್ಚಲ್ಲಿ ಅಲ್ಲಿನ ಒಸಿಎಲ್‌ಸಿ ಅನ್ನೋ ಲೈಬ್ರರಿ ಸಂಸ್ಥೆಯಲ್ಲಿ ಇದನ್ನ ಹುಟ್ಟಿಸಿದ ಒಂದು ವರ್ಕ್‌ಶಾಪ್ ಆಯ್ತು. ಆಗಿನ್ನೂ ವೆಬ್ ಅನ್ನೋದು ಕಣ್ಣು ಬಿಡ್ತಿದ್ದ ಕಾಲ, ಪೇಜುಗಳು ರಾಶಿ ಬೀಳ್ತಾ ಇದ್ವು, ಲೈಬ್ರರಿಯೋರ ಕ್ಯಾಟಲಾಗ್ ವಿಧಾನ ಅದಕ್ಕೆ ತೀರಾ ಭಾರ ಆಗ್ತಿತ್ತು. ಲೈಬ್ರರಿಯೋರದ್ದು ಮಾರ್ಕ್ ಅಂತ ಒಂದು ಕ್ಯಾಟಲಾಗ್ ನಮೂನೆ ಇದೆ, 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಏವ್ರಮ್ ಅನ್ನೋ ಹೆಂಗಸಿನ ನೇತೃತ್ವದಲ್ಲಿ ಬಂದಿದ್ದು, ಇವತ್ತಿಗೂ ಪ್ರಪಂಚದ ದೊಡ್ಡ ದೊಡ್ಡ ಲೈಬ್ರರಿಗಳು ಅದರ ಮೇಲೇ ನಡೀತಿವೆ. ಅದರಲ್ಲಿ ಶೀರ್ಷಿಕೆ ಅಂದ್ರೆ 245, ಮುಖ್ಯ ಲೇಖಕ ಅಂದ್ರೆ 100, ವಿಷಯ ಅಂದ್ರೆ 650, ಹೀಗೆ ನಂಬರುಗಳು, ನಂಬರೊಳಗೆ ಮತ್ತೆ ಉಪ ಕೋಡುಗಳು. ಕಲಿತವರಿಗೆ ಬಂಗಾರ, ಆದ್ರೆ ಭಾನುವಾರ ಬೆಳಗ್ಗೆ ತಿಂಡಿ ತಿಂದು ಎರಡು ಗಂಟೆ ಸೇವೆ ಮಾಡೋಕೆ ಬರೋ ವಾಲಂಟಿಯರ್‌ಗೆ ಇದನ್ನ ಕೊಟ್ರೆ ಮುಂದಿನ ವಾರ ಬರಲ್ಲ.

ಡಬ್ಲಿನ್ ಕೋರಲ್ಲಿ ಹದಿನೈದೇ ಫೀಲ್ಡು, ಅಂದ್ರೆ ಹದಿನೈದೇ ಕಾಲಂ. ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ಪ್ರಕಾಶಕ, ಸಹಾಯ ಮಾಡಿದವರು, ದಿನಾಂಕ, ಬಗೆ, ಫಾರ್ಮ್ಯಾಟ್, ಗುರುತಿನ ಸಂಖ್ಯೆ, ಮೂಲ, ಭಾಷೆ, ಸಂಬಂಧ, ವ್ಯಾಪ್ತಿ, ಹಕ್ಕು. ಅಷ್ಟೇ. ಯಾವುದೂ ಕಡ್ಡಾಯ ಅಲ್ಲ, ಯಾವುದನ್ನ ಬೇಕಾದ್ರೂ ಎಷ್ಟು ಸಲ ಬೇಕಾದ್ರೂ ಬಳಸಬಹುದು. 2003ರಲ್ಲಿ ಇದು ಐಎಸ್ಒ 15836 ಅಂತ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡೂ ಆಯ್ತು. ಯೂನಿವರ್ಸಿಟಿಗಳು ಥೀಸಿಸ್ ಇಡೋಕೆ ಬಳಸೋ ಡಿಸ್ಪೇಸ್ ಸಾಫ್ಟ್‌ವೇರಿನ ಒಳಗಿರೋದೂ ಇದೇ, ಒಂದು ರೆಪಾಸಿಟರಿಯಿಂದ (ಡಿಜಿಟಲ್ ಭಂಡಾರದಿಂದ) ಇನ್ನೊಂದು ರೆಪಾಸಿಟರಿ ರೆಕಾರ್ಡುಗಳನ್ನ ಎಳ್ಕೊಳ್ಳೋ ಒಎಐ-ಪಿಎಂಎಚ್ ಅನ್ನೋ ಪದ್ಧತೀಲೂ ಕನಿಷ್ಠ ಪಕ್ಷ ಡಬ್ಲಿನ್ ಕೋರ್ ಕೊಡಲೇಬೇಕು ಅಂತ ನಿಯಮ. ಅಂದ್ರೆ ನಮ್ಮ ಬಡ ಎಕ್ಸೆಲ್ ಶೀಟ್ ನಾಳೆ ಎಲ್ಲಿಗೆ ಹೋದ್ರೂ ಜಾಗ ಸಿಗತ್ತೆ.

ಇಷ್ಟು ಹೇಳಿದ್ಮೇಲೆ ನನ್ನ ನಿಜವಾದ ತಕರಾರು ಹೇಳ್ತೀನಿ. ಮೆಟಾಡೇಟಾ ಬಗ್ಗೆ ಟ್ರೈನಿಂಗ್ ಕೊಡೋರೆಲ್ಲಾ ಫೀಲ್ಡುಗಳ ಬಗ್ಗೇನೇ ಮಾತಾಡಿ ಎದ್ದು ಹೋಗ್ತಾರೆ. ಫೀಲ್ಡ್ ಆರಿಸೋದು ಅರ್ಧ ದಿನದ ಕೆಲಸ. ಆ ಫೀಲ್ಡ್ ಒಳಗೆ ಏನು ಬರೀಬೇಕು, ಹೆಂಗೆ ಬರೀಬೇಕು, ಎಲ್ಲರೂ ಒಂದೇ ಥರ ಬರೆಯೋ ಹಂಗೆ ಮಾಡೋದು ಹೆಂಗೆ, ಅಸಲಿ ಕುಸ್ತಿ ಇರೋದು ಅಲ್ಲಿ. ಕನ್ನಡದ ಸಾಮಾನು ಇಟ್ಕೊಂಡ್ರಂತೂ ಮೊದಲ ಸಾಲಿಗೇ ಅದು ಗೊತ್ತಾಗತ್ತೆ.

ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. ಒಂದು ಸ್ಮರಣ ಸಂಚಿಕೆ. ಮುಖಪುಟದಲ್ಲಿ ಭುವನೇಶ್ವರಿ ಚಿತ್ರ, ಮೇಲೆ "ಕನ್ನಡ ರಾಜ್ಯೋತ್ಸವ ಸ್ಮರಣ ಸಂಚಿಕೆ" ಅಂತ, ಕೆಳಗೆ ಸಂಘದ ಹೆಸರು. ಇಸವಿ ಇಲ್ಲ. ಒಳಗೆ ಅಧ್ಯಕ್ಷರ ನುಡಿ ಇದೆ, ಅದರ ಕೊನೇಲಿ "ರಕ್ತಾಕ್ಷಿ ಸಂವತ್ಸರ, ಕಾರ್ತಿಕ" ಅಂತ ಮಾತ್ರ ಇದೆ. ಹಿಂದಿನ ಪುಟಗಳಲ್ಲಿ ಪ್ರಾವಿಷನ್ ಸ್ಟೋರು, ಟೈಲರಿಂಗ್ ಅಂಗಡಿ, ಸೈಕಲ್ ಶಾಪ್ ಜಾಹೀರಾತುಗಳು, ನನಗಂತೂ ಆ ಜಾಹೀರಾತುಗಳೇ ಇಡೀ ಸಂಚಿಕೇಲಿ ಬೆಸ್ಟು.

ಶೀರ್ಷಿಕೆ ಸುಲಭ ಅನ್ಕೊಂಡ್ವಿ. ಆದ್ರೆ ಎಲ್ಲಾ ವರ್ಷದ ಸಂಚಿಕೆಗೂ ಅದೇ ಹೆಸರು ತಾನೆ? ಹುಡುಗರು "ರಾಜ್ಯೋತ್ಸವ ಸಂಚಿಕೆ 84", "ಸೌವೆನಿರ್ ಭುವನೇಶ್ವರಿ ಕವರ್" ಅಂತೆಲ್ಲಾ ತಮಗೆ ತೋಚಿದ್ದು ಹಾಕಿದ್ರು. ನಮ್ಮ ಸಂಘದಲ್ಲಿ ಒಬ್ರು ರಿಟೈರ್ಡ್ ಕಾಲೇಜ್ ಲೈಬ್ರೇರಿಯನ್ ಮೇಡಂ ಇದ್ದಾರೆ, ಅವರು ಬಂದು ಕನ್ನಡಕ ಹಾಕ್ಕೊಂಡು ನೋಡಿದೋರೇ, "ನೋಡಪ್ಪ, ವಸ್ತು ಮೇಲೆ ಏನಿದ್ಯೋ ಅದನ್ನೇ ಬರಿ, ನೀನು ಸೇರಿಸಿದ್ದನ್ನ ಚೌಕ ಕಂಸದಲ್ಲಿ ಹಾಕು, ಆಗ ಇದು ಪುಸ್ತಕದ ಮಾತೋ ನಿನ್ನ ಮಾತೋ ಅಂತ ನೋಡೋನಿಗೆ ಗೊತ್ತಾಗತ್ತೆ" ಅಂದ್ರು. ಎಷ್ಟು ಸರಳ ನೋಡಿ. ಲೈಬ್ರರಿ ಕ್ಯಾಟಲಾಗಿನಲ್ಲಿ ಇದು ಹಳೇ ಪದ್ಧತಿ, ನಮ್ಮ ಸಾಫ್ಟ್‌ವೇರ್ ಮಂದಿಗೆ ಮಾತ್ರ ಹೊಸದು.

ಇಸವಿ. ರಕ್ತಾಕ್ಷಿ ಅರವತ್ತು ಸಂವತ್ಸರದಲ್ಲಿ ಐವತ್ತೆಂಟನೇದು. 1987ರ ಯುಗಾದಿಗೆ ಪ್ರಭವ ಶುರುವಾಗಿದ್ದು, ಅಲ್ಲಿಂದ ಹಿಂದಕ್ಕೆ ಎಣಿಸಿದ್ರೆ ರಕ್ತಾಕ್ಷಿ 1984ರ ಯುಗಾದಿಯಿಂದ 1985ರ ಯುಗಾದಿ ತನಕ. ಅದಕ್ಕೂ ಹಿಂದಿನದು ಅಂದ್ರೆ 1924, ಆಗ ನಮ್ಮ ಬಡಾವಣೆ ಇದ್ದ ಜಾಗದಲ್ಲಿ ರಾಗಿ ಹೊಲ ಇತ್ತು, ರಾಜ್ಯೋತ್ಸವ ಅನ್ನೋದೂ ಇರ್ಲಿಲ್ಲ. ಕಾರ್ತಿಕ ಮಾಸ, ರಾಜ್ಯೋತ್ಸವ, ಎರಡೂ ಸೇರಿದ್ರೆ 1984ರ ನವೆಂಬರ್ ಆಸುಪಾಸು. ಬರೆಯೋದು ಹೆಂಗೆ? ಐಎಸ್ಒ 8601 ಪ್ರಕಾರ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ: 1984-11. ದಿನ ಗೊತ್ತಿಲ್ಲ ಅಂದ್ರೆ ಬಿಟ್ಬಿಡಿ, ಸುಮ್ನೆ 01 ಅಂತ ತುಂಬಬೇಡಿ. ಇದೇ ಸ್ಟ್ಯಾಂಡರ್ಡಿಗೆ 2019ರಲ್ಲಿ ಎರಡನೇ ಭಾಗ ಬಂತು, ಅದರಲ್ಲಿ ಅಂದಾಜಿಗೂ ಜಾಗ ಇದೆ, 1984~ ಅಂದ್ರೆ ಹೆಚ್ಚೂ ಕಮ್ಮಿ 1984, 1984? ಅಂದ್ರೆ 1984 ಹೌದೋ ಅಲ್ವೋ ಅನುಮಾನ. ಹಳೇ ಸಾಮಾನು ಇಟ್ಕೊಂಡಿರೋ ಯಾರಿಗಾದ್ರೂ ಇದು ವರದಾನ, ಯಾಕಂದ್ರೆ "ಗೊತ್ತಿಲ್ಲ"ಕ್ಕೂ "ಸುಮಾರಾಗಿ ಗೊತ್ತು"ಗೂ ಬಹಳ ವ್ಯತ್ಯಾಸ ಇದೆ. ಮೇಡಂ ಹೇಳಿದ್ರು ಅಂತ "ರಕ್ತಾಕ್ಷಿ ಸಂವತ್ಸರ, ಕಾರ್ತಿಕ" ಅನ್ನೋದನ್ನ ವಿವರಣೆ ಫೀಲ್ಡಲ್ಲಿ ಇದ್ದ ಹಾಗೇ ಇಟ್ಟಿದ್ದೀವಿ, ನಮ್ಮ ಲೆಕ್ಕ ಸರಿಯೋ ಅಂತ ಮುಂದೆ ಯಾರಾದ್ರೂ ನೋಡಬಹುದು.

ಇಲ್ಲೊಂದು ಎಕ್ಸೆಲ್ ಪುರಾಣ ಹೇಳ್ಲೇಬೇಕು. 1/11/1984 ಅಂತ ಟೈಪ್ ಮಾಡಿದ್ರೆ, ಕಂಪ್ಯೂಟರ್ ಅಮೆರಿಕನ್ ಸೆಟ್ಟಿಂಗಲ್ಲಿದ್ರೆ ಅದು ಜನವರಿ 11 ಅಂತ ತಿಳ್ಕೊಳ್ಳತ್ತೆ. ರಾಜ್ಯೋತ್ಸವ ಸಂಕ್ರಾಂತಿ ಪಕ್ಕಕ್ಕೆ ಹೋಗಿ ಕೂತ್ಕೊಳ್ಳತ್ತೆ, ಮತ್ತೆ ಅದು ತಪ್ಪು ಅಂತ ಎಲ್ಲೂ ಕೆಂಪು ಗೆರೆ ಬರಲ್ಲ. 1900ಕ್ಕಿಂತ ಹಿಂದಿನ ತಾರೀಖನ್ನಂತೂ ಎಕ್ಸೆಲ್ ತಾರೀಖು ಅಂತ ಒಪ್ಪೋದೇ ಇಲ್ಲ. ಹಂಗಾಗಿ ಆ ಕಾಲಂ ಪೂರ್ತಿ ಮೊದಲೇ ಟೆಕ್ಸ್ಟ್ ಅಂತ ಮಾಡಿಬಿಡಿ.

ಇನ್ನೊಂದು ತಾರೀಖಿನ ರಗಳೆ. ಸ್ಕ್ಯಾನ್ ಫೈಲಿನ ಪ್ರಾಪರ್ಟೀಸ್ ತೆಗೆದು ನೋಡಿದ್ರೆ ಅಲ್ಲಿ ಸ್ಕ್ಯಾನ್ ಮಾಡಿದ ದಿನ ಇರತ್ತೆ, ಸಂಚಿಕೆ ಅಚ್ಚಾದ ದಿನ ಅಲ್ಲ. ಕಾಗದದ ಸಂಚಿಕೆ ಒಂದು ವಸ್ತು, ಅದರ ಪಿಡಿಎಫ್ ಇನ್ನೊಂದು ವಸ್ತು. ಡಬ್ಲಿನ್ ಕೋರ್‌ನೋರು ಇದನ್ನ ಒನ್-ಟು-ಒನ್ ನಿಯಮ ಅಂತಾರೆ, ಒಂದು ರೆಕಾರ್ಡು ಒಂದೇ ವಸ್ತು ಬಗ್ಗೆ ಮಾತಾಡಬೇಕು ಅಂತ. ಕಟ್ಟುನಿಟ್ಟಾಗಿ ಮಾಡಿದ್ರೆ ಎರಡೆರಡು ಸಾಲು ಬರೀಬೇಕು. ನಾವು ಅಷ್ಟು ಮಡಿ ಮಾಡಕ್ಕೆ ಹೋಗ್ಲಿಲ್ಲ, ದಿನಾಂಕವನ್ನೇ ಎರಡು ಕಾಲಂ ಮಾಡಿದ್ವಿ: ಅಚ್ಚಾದ ದಿನ, ಸ್ಕ್ಯಾನ್ ಮಾಡಿದ ದಿನ. ಡಬ್ಲಿನ್ ಕೋರಿನ ವಿಸ್ತರಿಸಿದ ಪಟ್ಟೀಲಿ ಹೀಗೆ ದಿನಾಂಕವನ್ನ ಒಡೆಯೋಕೆ ಅವಕಾಶ ಇದೆ, ಸೃಷ್ಟಿಯಾದ ದಿನ, ಪ್ರಕಟವಾದ ದಿನ, ಬದಲಾದ ದಿನ ಅಂತೆಲ್ಲಾ, ಹಂಗಾಗಿ ನಿಯಮ ಮೀರಿದ್ರೂ ತೀರಾ ದಾರಿ ಬಿಟ್ಟಿಲ್ಲ ಅಂತ ಸಮಾಧಾನ.

ಎಲ್ಲಾ ಮುಗಿದ ಮೇಲೆ ಆ ಸಂಚಿಕೆ ಸಾಲು ಹೀಗೆ ಕಾಣತ್ತೆ:

ಗುರುತಿನ ಸಂಖ್ಯೆ: 0412
ಶೀರ್ಷಿಕೆ: ಕನ್ನಡ ರಾಜ್ಯೋತ್ಸವ ಸ್ಮರಣ ಸಂಚಿಕೆ [1984]
ಕರ್ತೃ: (ಸಂಘದ ಹೆಸರು)
ಸಹಾಯ ಮಾಡಿದವರು: ಸಂಪಾದಕ ಮಂಡಳಿ, ಒಬ್ಬೊಬ್ಬರದ್ದೂ ಬೇರೆ ಬೇರೆ
ಅಚ್ಚಾದ ದಿನ: 1984-11
ಬಗೆ: ಪಠ್ಯ
ಭಾಷೆ: ಕನ್ನಡ
ವ್ಯಾಪ್ತಿ: ಬೆಂಗಳೂರು
ವಿಷಯ: ಕನ್ನಡ ಸಂಘಗಳು, ರಾಜ್ಯೋತ್ಸವ, ಹವ್ಯಾಸಿ ನಾಟಕ

ಗುರುತಿನ ಸಂಖ್ಯೆ ಯಾಕೆ ಬರೀ 0412 ಅಂದ್ರೆ, ಅದರೊಳಗೆ ಅರ್ಥ ತುಂಬಬಾರದು. "ಸ್ಮರಣ-1984-ಒಂದು" ಅಂತ ನಂಬರ್ ಕೊಟ್ಟು, ಆಮೇಲೆ ಅದು 1983ರದ್ದು ಅಂತ ಗೊತ್ತಾದ್ರೆ? ನಂಬರ್ ಬದಲಾಯಿಸಿದ್ರೆ ಎಲ್ಲೆಲ್ಲಿ ಬರ್ಕೊಂಡಿದ್ದಾರೋ ಅಲ್ಲೆಲ್ಲಾ ಹಳೇದೇ ಉಳ್ಕೊಳ್ಳತ್ತೆ, ಬದಲಾಯಿಸದೇ ಇದ್ರೆ ನಂಬರೇ ಸುಳ್ಳು ಹೇಳತ್ತೆ. ಮಂಕು ನಂಬರೇ ಒಳ್ಳೇದು.

ವ್ಯಾಪ್ತಿಯಲ್ಲಿ ಬರೀ ಬೆಂಗಳೂರು ಅಂತ ಯಾಕೆ, ವಾರ್ಡ್ ನಂಬರ್ ಹಾಕೋಣ ಅಂತ ಒಬ್ರು ಹಠ ಹಿಡಿದ್ರು. ಬಿಬಿಎಂಪಿ ಕಾಲದಲ್ಲಿ 198 ವಾರ್ಡ್ ಇತ್ತು, ಆಮೇಲೆ ಮತ್ತೆ ಮತ್ತೆ ವಿಂಗಡಣೆ ಆಯ್ತು, 2025ರಲ್ಲಿ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ. 1984ರ ಸಂಚಿಕೆಗೆ ಯಾವ ವಾರ್ಡ್ ಹಾಕ್ತೀರಿ ಸ್ವಾಮಿ? ಬೇಕಿದ್ರೆ ಬೆಂಗಳೂರು ಜೊತೆ ಬಡಾವಣೆ ಹೆಸರು ಸೇರಿಸಿ, ಅದು ವಾರ್ಡಿಗಿಂತ ಗಟ್ಟಿ.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ, ಇದೇ ದೊಡ್ಡ ತಲೆನೋವು. ಇಂಗ್ಲಿಷ್ ಸಾಫ್ಟ್‌ವೇರೆಲ್ಲಾ ಫಸ್ಟ್ ನೇಮ್, ಲಾಸ್ಟ್ ನೇಮ್ ಕೇಳತ್ತೆ. ನಮ್ಮಲ್ಲಿ ಇನಿಷಿಯಲ್ ಅಂದ್ರೆ ಊರು, ಅಪ್ಪನ ಹೆಸರು, ಕೆಲವರಿಗೆ ಮನೆತನ. ಒಬ್ಬರೇ ಮನುಷ್ಯ ಆಹ್ವಾನ ಪತ್ರಿಕೇಲಿ "ಎಚ್. ಎಸ್. ರಾವ್", ನಡಾವಳೀಲಿ "ಶ್ರೀನಿವಾಸರಾಯರು", ಫೋಟೋ ಹಿಂದೆ ಪೆನ್ಸಿಲಲ್ಲಿ "ಸೀನಣ್ಣ" (ಇವು ನಾನು ಉದಾಹರಣೆಗೆ ಕಟ್ಟಿದ ಹೆಸರುಗಳು). ಮೂರೂ ಒಬ್ಬರೇ ಅಂತ ಕಂಪ್ಯೂಟರಿಗೆ ಯಾರು ಹೇಳ್ಬೇಕು? ಸಾಹಿತಿಗಳ ಕಡೆ ಬಂದ್ರೆ ಇನ್ನೂ ಮಜಾ. ಕುವೆಂಪು ಅಂದ್ರೂ ಅವರೇ, ಕೆ.ವಿ. ಪುಟ್ಟಪ್ಪ ಅಂದ್ರೂ ಅವರೇ. ದ.ರಾ. ಬೇಂದ್ರೆ ಪದ್ಯದಲ್ಲಿ ಅಂಬಿಕಾತನಯದತ್ತ. ಮಾಸ್ತಿ ಅವರು ಶ್ರೀನಿವಾಸ. ತ್ರಿವೇಣಿ ಅಂದ್ರೆ ಅನಸೂಯಾ ಶಂಕರ್. ಆದ್ಯ ರಂಗಾಚಾರ್ಯರು ಶ್ರೀರಂಗ. ಕನ್ನಡದಲ್ಲಿ ಕಾವ್ಯನಾಮ ಇಟ್ಕೊಳ್ಳದೇ ಇರೋ ಹಿರಿಯರನ್ನ ಹುಡುಕೋದೇ ಕಷ್ಟ.

ಲೈಬ್ರರಿಯೋರು ಇದಕ್ಕೆ ಅಥಾರಿಟಿ ಫೈಲ್ ಅಂತ ಮಾಡ್ಕೊಂಡಿದ್ದಾರೆ. ಒಬ್ಬ ವ್ಯಕ್ತಿಗೆ ಒಂದು ರೆಕಾರ್ಡು, ಅದರಲ್ಲಿ ಒಂದು ಒಪ್ಪಿತ ರೂಪ, ಮಿಕ್ಕ ರೂಪಗಳೆಲ್ಲಾ ಅದಕ್ಕೆ ಕೈ ತೋರಿಸ್ತವೆ. ಬೇರೆ ಬೇರೆ ದೇಶದ ರಾಷ್ಟ್ರೀಯ ಲೈಬ್ರರಿಗಳ ಇಂಥ ಫೈಲುಗಳನ್ನೆಲ್ಲಾ ಸೇರಿಸಿರೋದು ವಿಯಾಫ್. 2012ರಲ್ಲಿ ಶುರುವಾದ, ವಿಕಿಪೀಡಿಯಾ ಬಳಗದ ಮಾಹಿತಿ ಕೋಶ ವಿಕಿಡೇಟಾದಲ್ಲೂ ಇದೇ ಐಡಿಯಾ, ಅಲ್ಲಿ ಪ್ರತಿಯೊಬ್ಬರಿಗೂ ಒಂದು ಕ್ಯೂ ನಂಬರ್, ಕನ್ನಡದಲ್ಲಿ ಒಂದು ಹೆಸರು, ಇಂಗ್ಲಿಷಲ್ಲಿ ಒಂದು, ಜೊತೆಗೆ ಎಷ್ಟು ಬೇಕಾದ್ರೂ ಅಡ್ಡಹೆಸರು. ನಾವು ಸಾಹಿತಿಗಳಿಗೆ ವಿಕಿಡೇಟಾ ನಂಬರನ್ನೇ ಹಾಕಿದ್ವಿ. ಸಂಘದ ಸದಸ್ಯರಿಗೆ ಬೇರೆ ಒಂದು ಸಣ್ಣ ಶೀಟು: ಒಪ್ಪಿತ ಹೆಸರು, ಬೇರೆ ಹೆಸರುಗಳು, ಮನೆ ಇದ್ದ ಅಡ್ಡರಸ್ತೆ, ಯಾವ ನಾಟಕದಲ್ಲಿ ಯಾವ ಪಾತ್ರ. ಈ ಶೀಟ್ ತುಂಬೋಕೆ ಮೇಡಂ ಮತ್ತೆ ಇನ್ನಿಬ್ಬರು ಹಿರಿಯರನ್ನ ಕೂರಿಸಿ ಫೋಟೋ ತೋರಿಸಿದ್ವಿ. "ಇವನು ನಮ್ಮ ಸೈಕಲ್ ಶಾಪಿನವನ ತಮ್ಮ ಅಲ್ವೇನ್ರೀ", "ಅಲ್ಲ ಕಣ್ರೀ, ಅವನಿಗೆ ಮೀಸೆ ಇರ್ಲಿಲ್ಲ", "ಅಯ್ಯೋ ಅದು ಹಚ್ಚಿದ ಮೀಸೆ, ದುಶ್ಯಾಸನನ ಪಾರ್ಟು". ಈ ಮೂರು ಮಾತಲ್ಲಿ ಒಂದು ಹೆಸರು, ಒಂದು ಪಾತ್ರ, ಒಂದು ನಾಟಕ ಸಿಕ್ತು, ಯಾವ ಎಐಗೂ ಇದು ಸಿಗಲ್ಲ ಅಂತ ನಾನಂತೂ ಬರ್ಕೊಡ್ತೀನಿ. ಕಷ್ಟ ಏನಂದ್ರೆ ಇಂಥ ಮಾತು ಹೇಳೋರು ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಿದ್ದಾರೆ, ಸ್ಕ್ಯಾನಿಂಗ್ ಆಮೇಲಾದ್ರೂ ಮಾಡಬಹುದು, ಇದನ್ನ ಆಮೇಲೆ ಮಾಡಕ್ಕಾಗಲ್ಲ.

ವಿಷಯ ಫೀಲ್ಡ್ ವಿಚಾರಕ್ಕೆ ಬಂದ್ರೆ ನಮ್ಮೂರಿನೋರೇ ಆಗಿಹೋಗಿದ್ದ ಒಬ್ಬರನ್ನ ನೆನೆಯದೇ ಇರೋಕಾಗಲ್ಲ. ಎಸ್. ಆರ್. ರಂಗನಾಥನ್. ಹುಟ್ಟಿದ್ದು 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ, ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ಯೂನಿವರ್ಸಿಟಿಯ ಲೈಬ್ರೇರಿಯನ್ ಆದ್ರು, ಕಡೆಗಾಲವೆಲ್ಲಾ ಬೆಂಗಳೂರಲ್ಲೇ ಕಳೆದು 1972ರಲ್ಲಿ ಇಲ್ಲೇ ತೀರ್ಕೊಂಡ್ರು. 1962ರಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಅಡಿಯಲ್ಲಿ ಅವರು ಶುರು ಮಾಡಿದ ಲೈಬ್ರರಿ ಸೈನ್ಸಿನ ಸಂಶೋಧನೆ, ತರಬೇತಿ ಕೇಂದ್ರ ಡಿಆರ್‌ಟಿಸಿ ಇವತ್ತೂ ಮೈಸೂರು ರೋಡಿನ ಕ್ಯಾಂಪಸ್ಸಲ್ಲಿದೆ, ಕೆಂಗೇರಿ ಕಡೆ ಓಡಾಡೋರು ದಿನಾ ಆ ಗೇಟ್ ಮುಂದೆ ಟ್ರಾಫಿಕ್ಕಲ್ಲಿ ನಿಂತಿರ್ತಾರೆ, ಒಳಗೆ ಏನಿದೆ ಅಂತ ಗೊತ್ತಿರಲ್ಲ.

ಅವರ ಕೋಲನ್ ಕ್ಲಾಸಿಫಿಕೇಶನ್ ಬಂದಿದ್ದು 1933ರಲ್ಲಿ. ಅದರ ತಿರುಳು ಏನಪ್ಪಾ ಅಂದ್ರೆ, ಪುಸ್ತಕವನ್ನ ಯಾವುದೋ ಒಂದು ಗೂಡಿಗೆ ತುರುಕಬೇಡಿ, ಅದರ ವಿಷಯವನ್ನ ಮುಖಗಳಾಗಿ ಒಡೀರಿ, ಆಮೇಲೆ ಜೋಡಿಸಿ. ಐದು ಮೂಲ ಮುಖಗಳು: ಪರ್ಸನಾಲಿಟಿ, ಮ್ಯಾಟರ್, ಎನರ್ಜಿ, ಸ್ಪೇಸ್, ಟೈಮ್. ಅಂದ್ರೆ ಮುಖ್ಯ ವಸ್ತು ಯಾವುದು, ಯಾವ ದ್ರವ್ಯ ಅಥವಾ ಗುಣ, ಏನು ಕ್ರಿಯೆ, ಎಲ್ಲಿ, ಯಾವಾಗ. ಫ್ಲಿಪ್‌ಕಾರ್ಟಲ್ಲಿ ಎಡಗಡೆ ಬ್ರ್ಯಾಂಡ್, ಸೈಜ್, ಬಣ್ಣ, ರೇಟು ಅಂತ ಟಿಕ್ ಮಾಡಿ ಶರ್ಟ್ ಹುಡುಕ್ತೀರಲ್ಲ, ಆ ಫಿಲ್ಟರ್‌ಗಳ ಹಿಂದಿರೋದು ಇದೇ ಯೋಚನೆ. ಲೈಬ್ರರಿ ಸೈನ್ಸಿನೋರು ಅದಕ್ಕೆ ಫ್ಯಾಸೆಟ್ ಅಂತಾರೆ, ಐಟಿಯೋರೂ ಅದನ್ನೇ ಅಂತಾರೆ, ಆದ್ರೆ ನಮ್ಮ ಆಫೀಸಲ್ಲಿ ಕೇಳಿದ್ರೆ ರಂಗನಾಥನ್ ಹೆಸರು ಹತ್ತು ಜನದಲ್ಲಿ ಒಬ್ಬರಿಗೂ ಗೊತ್ತಿರೋದು ಡೌಟು. ಊರಿಗೊಂದು ಸ್ಟಾರ್ಟಪ್ ಹೀರೋ ಇರೋ ಬೆಂಗಳೂರಲ್ಲಿ ಇವರ ಹೆಸರಿನ ಟೀ ಶರ್ಟ್ ಒಂದೂ ಇಲ್ಲ.

ನಮ್ಮ ನಾಟಕದ ಫೋಟೋಗಳಿಗೆ ಇದನ್ನ ಹಾಕಿ ನೋಡಿ. ಯಾರು: ಹವ್ಯಾಸಿ ನಟರು. ಕ್ರಿಯೆ: ತಾಲೀಮೋ, ಮೇಕಪ್ಪೋ, ಪ್ರದರ್ಶನವೋ. ಎಲ್ಲಿ: ಶಾಲೆ ಮೈದಾನವೋ, ಗಣೇಶನ ಪೆಂಡಾಲೋ. ಯಾವಾಗ: ದಶಕ. ಮೊದಲು ಎಲ್ಲದಕ್ಕೂ "ನಾಟಕ" ಅಂತ ಒಂದೇ ಟ್ಯಾಗ್ ಇತ್ತು, ಟೈಪ್ ಮಾಡಿದ್ರೆ ಅರ್ಧ ಹಾರ್ಡ್ ಡಿಸ್ಕ್ ಎದ್ದು ಬರ್ತಿತ್ತು. ಈಗ ತಾಲೀಮು, ಶಾಲೆ ಮೈದಾನ, 1980ರ ದಶಕ ಅಂತ ಮೂರು ಫಿಲ್ಟರ್ ಹಾಕಿದ್ರೆ ಒಂದು ಸ್ಕ್ರೀನಿಗೆ ಹಿಡಿಯೋಷ್ಟು ಬರತ್ತೆ.

ಆದ್ರೆ ಪದಗಳ ಪಟ್ಟಿಗೆ ಬೇಲಿ ಹಾಕಲೇಬೇಕು. ವಾಲಂಟಿಯರ್‌ಗೆ ಸ್ವಾತಂತ್ರ್ಯ ಕೊಟ್ರೆ "ತಾಲೀಮು", "ರಿಹರ್ಸಲ್", "ಪ್ರಾಕ್ಟೀಸು" ಮೂರೂ ಬರತ್ತೆ. ಹಂಗಾಗಿ ಒಂದು ಸಣ್ಣ ಪದಪಟ್ಟಿ ಮಾಡಿ ಡ್ರಾಪ್‌ಡೌನ್ ಹಾಕಿದ್ವಿ, ಒಪ್ಪಿತ ಪದ ತಾಲೀಮು, ಮಿಕ್ಕಿದ್ದು ಅದರ ಬೇರೆ ಹೆಸರು. ಇಂಥ ಪಟ್ಟಿಗೂ ಸ್ಟ್ಯಾಂಡರ್ಡ್ ಇದೆ, ಎಸ್‌ಕೆಒಎಸ್ ಅಂತ, ವೆಬ್ ಸ್ಟ್ಯಾಂಡರ್ಡುಗಳನ್ನ ಮಾಡೋ ಡಬ್ಲ್ಯು3ಸಿ ಸಂಸ್ಥೆ 2009ರಲ್ಲಿ ಒಪ್ಪಿದ್ದು. ಒಂದು ಪರಿಕಲ್ಪನೆಗೆ ಒಂದೊಂದು ಭಾಷೇಲಿ ಒಂದೇ ಮುಖ್ಯ ಹೆಸರು, ಬೇರೆ ಹೆಸರು ಎಷ್ಟಾದ್ರೂ ಇರ್ಲಿ, ಮೇಲೆ ಯಾವ ವಿಶಾಲ ವಿಷಯ, ಕೆಳಗೆ ಯಾವ ಕಿರಿಯ ವಿಷಯ. ನಮಗೆ ಅಷ್ಟೆಲ್ಲಾ ಬೇಕಾಗಿಲ್ಲ, ಆದ್ರೆ ಅದೇ ಆಕಾರದಲ್ಲಿ ಶೀಟ್ ಇಟ್ಕೊಂಡ್ರೆ ಮುಂದೆ ಪರದಾಟ ಇಲ್ಲ. ಡ್ರಾಪ್‌ಡೌನ್ ಇಟ್ಟಿದ್ದಕ್ಕೆ ಇನ್ನೊಂದು ಲಾಭ ಇದೆ. ಕನ್ನಡದಲ್ಲಿ ಒಂದೇ ಪದ ಕಣ್ಣಿಗೆ ಒಂದೇ ಥರ ಕಂಡ್ರೂ ಕಂಪ್ಯೂಟರ್ ಒಳಗೆ ಇಟ್ಕೊಳ್ಳೋ ಯೂನಿಕೋಡ್ ಸಂಕೇತ ಬೇರೆ ಇರಬಹುದು, ಅರ್ಕಾವತ್ತು ಬರೋ ಪದಗಳಲ್ಲಂತೂ ಒಬ್ಬೊಬ್ಬರ ಕೀಬೋರ್ಡ್ ಒಂದೊಂದು ಥರ ಕಾಣದ ಜೋಡಣೆ ಅಕ್ಷರ ಸೇರಿಸತ್ತೆ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದ ಪಟ್ಟಿಗಳಂತೂ ಬೇರೆ ಕಂಪ್ಯೂಟರಲ್ಲಿ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರದ ಚಿತ್ರಾನ್ನ, ಅವನ್ನೆಲ್ಲಾ ಮೊದಲು ಯೂನಿಕೋಡಿಗೆ ಪರಿವರ್ತನೆ ಮಾಡದೇ ಮುಂದಕ್ಕೆ ಹೋಗೋಕೇ ಆಗಲ್ಲ.

ಹುಡುಕೋ ಪದ ಸರಿ ಇಲ್ಲ ಅಂದ್ರೆ ಏನಾಗತ್ತೆ ಅಂತ ದೊಡ್ಡ ಮಟ್ಟದಲ್ಲಿ ನೋಡ್ಬೇಕಾ, ಇಂಟರ್ನೆಟ್ ಆರ್ಕೈವ್‌ಗೆ ಹೋಗಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದಿರೋ ಕನ್ನಡ ಪುಸ್ತಕಗಳನ್ನ ನೋಡಿ. ನಮ್ಮ ಐಐಎಸ್ಸಿ ಮುಂದಾಳತ್ವದಲ್ಲಿ ದೇಶದ ಎಷ್ಟೋ ಭಾಷೆಯ ಪುಸ್ತಕಗಳನ್ನ ಸ್ಕ್ಯಾನ್ ಮಾಡಿದ ದೊಡ್ಡ ಯೋಜನೆ ಅದು, ಮಾಡಿರದೇ ಇದ್ರೆ ಎಷ್ಟೋ ಪುಸ್ತಕ ನಾನು ಕಣ್ಣಲ್ಲೂ ನೋಡ್ತಿರ್ಲಿಲ್ಲ. ಆದ್ರೆ ಶೀರ್ಷಿಕೆ, ಲೇಖಕರ ಹೆಸರು ಬಹುಪಾಲು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಯಾವ ಲಿಪ್ಯಂತರ ನಿಯಮಕ್ಕೂ ಕಟ್ಟುಬೀಳದೆ. ದೀರ್ಘ ಎಲ್ಲಿ, ಮಹಾಪ್ರಾಣ ಎಲ್ಲಿ, ಳ ಎಲ್ಲಿ ಲ ಎಲ್ಲಿ, ಊಹೆ ಮಾಡಿ ನಾಕು ಥರ ಸ್ಪೆಲ್ಲಿಂಗ್ ಹಾಕಿ ಹುಡುಕಬೇಕು. ಭಾರತೀಯ ಲಿಪಿಗಳಿಗೆ ಅಂತಲೇ 2001ರಲ್ಲಿ ಐಎಸ್ಒ 15919 ಬಂದಿದೆ, ಅದನ್ನ ಬಳಸಿದ್ರೆ ಮತ್ತೆ ಕನ್ನಡಕ್ಕೆ ತಿರುಗಿಸೋದಾದ್ರೂ ಆಗ್ತಿತ್ತು. ಕೊನೆಗೆ ಸಂಚಯ ತಂಡದೋರು ಪುಸ್ತಕ ಸಂಚಯ ಅಂತ ಮಾಡಿ, ಜನರ ಕೈಲೇ ಆ ಹೆಸರುಗಳನ್ನ ಕನ್ನಡಕ್ಕೆ ಬರೆಸಿ, ಕನ್ನಡದಲ್ಲೇ ಹುಡುಕೋ ಹಾಗೆ ಮಾಡಿದ್ರು. ಪುಸ್ತಕ ಅದೇ, ಸ್ಕ್ಯಾನೂ ಅದೇ, ಒಂದು ಸಾಲು ಸರಿಯಾಗಿ ಬರೆದಿದ್ದಕ್ಕೆ ಕೈಗೆ ಸಿಗೋ ಹಾಗಾಯ್ತು.

ಇನ್ನು ಫೈಲ್ ಒಳಗೇ ಕೂರೋ ಮೆಟಾಡೇಟಾ. ಫೋಟೋದಲ್ಲಿ ಎಕ್ಸಿಫ್ ಇರತ್ತೆ, ಕ್ಯಾಮೆರಾ ಯಾವುದು, ಯಾವಾಗ ತೆಗೆದಿದ್ದು ಅಂತ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಹೋಗ್ಬಿಡತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಉಳಿಯತ್ತೆ. ಸಂಘದ ಗ್ರೂಪಲ್ಲಿ ಇದನ್ನ ಪಿನ್ ಮಾಡಿ ಇಟ್ಟಿದ್ದೀವಿ, ಆದ್ರೂ ಫೋಟೋ ಅಂತಲೇ ಕಳಿಸ್ತಾರೆ, ಜೊತೆಗೆ ಒಂದು ಗುಡ್ ಮಾರ್ನಿಂಗ್ ಹೂವು. ಎಂಪಿ3ಗಳಲ್ಲಿ ಐಡಿ3 ಟ್ಯಾಗ್. ಅದರ ಮೊದಲ ಆವೃತ್ತೀಲಿ ಶೀರ್ಷಿಕೆಗೆ 30 ಬೈಟ್ ಮಾತ್ರ ಜಾಗ, ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ ಯುಟಿಎಫ್-8 ಅನ್ನೋ ಪದ್ಧತೀಲಿ 3 ಬೈಟ್ ಬೇಕು, ಅಂದ್ರೆ "ಅಧ್ಯಕ್ಷರು" ಅಂತ ಬರೆಯೋಷ್ಟರಲ್ಲೇ ಬುಟ್ಟಿ ಹೆಚ್ಚೂ ಕಮ್ಮಿ ತುಂಬಿಹೋಗತ್ತೆ. ಎರಡನೇ ಆವೃತ್ತೀಲಿ ಈ ಕಾಟ ಇಲ್ಲ, ಟ್ಯಾಗ್ ಎಡಿಟರಲ್ಲಿ ಅದನ್ನೇ ಆರಿಸ್ಕೊಳ್ಳಿ.

ಆಫೀಸಿನ ಕಥೆ ಜಾಸ್ತಿ ಹೇಳಲ್ಲ, ಕೆಲಸ ಉಳಿಸ್ಕೋಬೇಕು. ಒಂದೇ ವಿಷಯ. ಡಾಕ್ಯುಮೆಂಟ್ ಅಪ್‌ಲೋಡ್ ಮಾಡೋವಾಗ ಹದಿನೆಂಟು ಇಪ್ಪತ್ತು ಫೀಲ್ಡನ್ನ ಕಡ್ಡಾಯ ಮಾಡಿದ್ರೆ ಜನ ತುಂಬ್ತಾರೆ, ಖಂಡಿತ ತುಂಬ್ತಾರೆ, ಎಲ್ಲಾ ಕಡೆ "ಜನರಲ್", "ಎನ್ಎ", ಇಲ್ಲಾ ಡ್ರಾಪ್‌ಡೌನಲ್ಲಿ ಮೊದಲು ಬಂದಿದ್ದು. ಹಾರ್ಲಿಕ್ಸ್ ಬಾಟ್ಲೀಲಿ ಮೆಂತ್ಯ ಇಟ್ಟ ಹಾಗೆ, ಲೇಬಲ್ ಇಲ್ಲದ ಡಬ್ಬ ಆಗಿದ್ರೆ ತೆಗೆದಾದ್ರೂ ನೋಡ್ತಿದ್ರು. ನನ್ನ ಪ್ರಕಾರ ಕಡ್ಡಾಯ ಇರಬೇಕಾದ್ದು ಮೂರೇ: ಹೆಸರು, ಇದಕ್ಕೆ ಜವಾಬ್ದಾರಿ ಯಾರು, ಇದನ್ನ ಮತ್ತೆ ಯಾವಾಗ ನೋಡಿ ಸರಿ ಇದ್ಯಾ ಅಂತ ಹೇಳ್ತೀರಿ. ಮೂರನೇದು ಇಲ್ಲದೇ ಇದ್ದಿದ್ದಕ್ಕೇ ನಮ್ಮ ವಿಕಿಯಲ್ಲಿ ಯಾವತ್ತೋ ನಿಲ್ಲಿಸಿದ ಸರ್ವರಿನ ಪೇಜು ಇವತ್ತೂ ಸರ್ಚಲ್ಲಿ ಮೊದಲು ಬರತ್ತೆ, ಹೊಸಬರು ಅದನ್ನೇ ಓದಿ ಅರ್ಧ ದಿನ ಒದ್ದಾಡ್ತಾರೆ. ಮಿಕ್ಕಿದ್ದನ್ನ ಸಿಸ್ಟಮ್ಮೇ ತುಂಬಲಿ, ತಾರೀಖು, ಫಾರ್ಮ್ಯಾಟು, ಸೈಜು ಎಲ್ಲಾ ಅದಕ್ಕೆ ತಾನಾಗೇ ಗೊತ್ತಿರತ್ತೆ, ಮನುಷ್ಯರ ಕೈಲಿ ಅದನ್ನ ಬರೆಸೋದು ಬರೀ ಹಿಂಸೆ.

ಸಂಘದ ಶೀಟಲ್ಲಿ ಈಗ ಗಲಾಟೆ ನಡೀತಿರೋದು ಕೊನೇ ಫೀಲ್ಡ್ ಮೇಲೆ, ಹಕ್ಕು. ಸಂಚಿಕೇಲಿ ಬರೆದ ಲೇಖನಗಳ ಕಾಪಿರೈಟ್ ಯಾರದ್ದು? ನಮ್ಮ 1957ರ ಕಾಯ್ದೆ ಪ್ರಕಾರ ಲೇಖಕರು ತೀರ್ಕೊಂಡು 60 ವರ್ಷ ಆಗೋ ತನಕ ಹಕ್ಕು ಇರತ್ತೆ, ಅಂದ್ರೆ 1984ರ ಸಂಚಿಕೇಲಿರೋ ಒಂದು ಲೇಖನವೂ ಹಂಗೆ ಸುಮ್ನೆ ಆನ್‌ಲೈನ್ ಹಾಕೋಹಾಗಿಲ್ಲ. "ನಮ್ಮ ಸಂಘದ ಸಂಚಿಕೆ, ನಾವು ಹಾಕಿದ್ರೆ ಯಾರ್ ಕೇಳ್ತಾರ್ರೀ" ಅಂತ ಅಧ್ಯಕ್ಷರು, "ಬರೆದೋರ ಮಕ್ಕಳು ಕೇಳಿದ್ರೆ ನೀವು ಮನೆಗೆ ಹೋಗಿ ಕಾಫಿ ಕುಡಿದು ಸಮಾಧಾನ ಮಾಡ್ತೀರಾ" ಅಂತ ಮೇಡಂ. ಸದ್ಯಕ್ಕೆ ರೈಟ್ಸ್‌ಸ್ಟೇಟ್‌ಮೆಂಟ್ಸ್ ಡಾಟ್ ಆರ್ಗ್‌ನೋರ ಹನ್ನೆರಡು ಸಿದ್ಧ ಹೇಳಿಕೆಗಳಲ್ಲಿ "ಕಾಪಿರೈಟ್ ನಾಟ್ ಇವ್ಯಾಲ್ಯುಯೇಟೆಡ್" ಅನ್ನೋದನ್ನ ಎಲ್ಲಾ ಸಾಲಿಗೂ ಹಾಕಿದ್ದೀವಿ, ಅಂದ್ರೆ ಹಕ್ಕು ಯಾರದ್ದು ಅಂತ ಇನ್ನೂ ನೋಡಿಲ್ಲ ಅಂತ. ಶೀಟ್ ಎಲ್ಲರಿಗೂ ಕಾಣತ್ತೆ, ಫೈಲ್ ಕೇಳಿದೋರಿಗೆ ಸಂಘದ ಆಫೀಸಲ್ಲಿ ಕೂತು ನೋಡೋಕೆ ಬಿಡ್ತೀವಿ. ಸದಸ್ಯರ ಶೀಟಲ್ಲಿ ಈಗ ಇನ್ನೊಂದು ಕಾಲಂ ಸೇರಿಸಿದ್ದೀವಿ, ಲೇಖಕರ ಮನೆಯವರ ಫೋನ್ ನಂಬರ್, ಆದ್ರೆ ಆ ಕಾಲಂ ಮಾತ್ರ ಪಬ್ಲಿಕ್ ಕಾಪಿಯಲ್ಲಿ ಬರಲ್ಲ, ಒಪ್ಪಿಗೆ ಪತ್ರ ಬರೆಯೋ ಕೆಲಸ ಮೇಡಂ ವಹಿಸ್ಕೊಂಡಿದ್ದಾರೆ.